ಒಳಗೆ ಹೋದವರು, ಹೊರಗೆ ಕಾದವರು: ಶ್ಯಾಡೋರನ್ ಆಟಗಳ ಜಾಲಲೋಕವನ್ನು ಮಿರಜದಿಂದ ಓದುವುದು

ನಾನು ಮಿರಜದ ನಮ್ಮ ಮನೆಯಿಂದ ಮಾತಾಡ್ತಾ ಇದ್ದೇನೆ, ನಡುವೆ ಧ್ವನಿ ಕಡಿದರೆ ದಯವಿಟ್ಟು ಚಾಟ್‌ನಲ್ಲಿ ತಿಳಿಸಿ.

ಕಾದಂಬರಿಕಾರರು ಇಲ್ಲದ ಊರನ್ನು ಹೇಗೆ ಕಟ್ಟುತ್ತಾರೆ ಅಂತ ನಾವು ತರಗತಿಯಲ್ಲಿ ಬಹಳ ಸಲ ಚರ್ಚೆ ಮಾಡಿದ್ದೇವೆ. ಅದೇ ಪ್ರಶ್ನೆಯನ್ನು ಇವತ್ತು ವಿಡಿಯೊ ಗೇಮ್ ಕಡೆಗೆ ತಿರುಗಿಸುತ್ತೇನೆ. ನಾನು ಆರಿಸಿಕೊಂಡಿರುವುದು ಶ್ಯಾಡೋರನ್ ಎಂಬ ಆಟಗಳ ಸರಣಿಯಲ್ಲಿ ಬರುವ 'ಮ್ಯಾಟ್ರಿಕ್ಸ್'. ಆಡದವರಿಗಾಗಿ ಸ್ವಲ್ಪ ವಿವರ. 1989ರಲ್ಲಿ ಅಮೆರಿಕದ ಫಾಸಾ ಕಂಪನಿ ಇದನ್ನು ಮೊದಲು ಪುಸ್ತಕ, ಕಾಗದ, ದಾಳಗಳ ಆಟವಾಗಿ ತಂದಿತು. ಆಮೇಲೆ ವಿಡಿಯೊ ಗೇಮ್‌ಗಳಾದವು. ಕಥೆ ನಡೆಯುವುದು ಮುಂದಿನ ಕಾಲದಲ್ಲಿ. ಸರ್ಕಾರಗಳಿಗಿಂತ ದೊಡ್ಡ ಕಂಪನಿಗಳು, ಜೊತೆಗೆ ಮಂತ್ರವಾದಿಗಳು, ಡ್ರ್ಯಾಗನ್‌ಗಳೂ ಇವೆ. ಆ ಲೋಕದ ಎಲ್ಲ ಕಂಪ್ಯೂಟರ್‌ಗಳನ್ನು ಕೂಡಿಸುವ ಜಾಲವೇ ಮ್ಯಾಟ್ರಿಕ್ಸ್. ಅದರೊಳಗೆ ಹೋಗುವ ಹ್ಯಾಕರ್‌ಗೆ 'ಡೆಕ್ಕರ್' ಎಂದು ಹೆಸರು. ಅವನ ತಲೆಬುರುಡೆಯಲ್ಲಿ ಒಂದು ಕಿಂಡಿ ಇರುತ್ತದೆ. ಕೈಯಲ್ಲಿರುವ 'ಡೆಕ್' ಎಂಬ ಯಂತ್ರದ ವಾಯರನ್ನು ಆ ಕಿಂಡಿಗೆ ಸೇರಿಸಿದರೆ ದೇಹ ಇಲ್ಲೇ ಕುಸಿದು ಕೂರುತ್ತದೆ, ಪ್ರಜ್ಞೆ ಅಲ್ಲಿ ಓಡಾಡುತ್ತದೆ. ಅಲ್ಲಿ ಕಾವಲಿಗಿರುವ ತಂತ್ರಾಂಶವನ್ನು 'ಐಸ್' ಅಂತಾರೆ. ಕೆಲವು ಐಸ್ ಹೊರಗೆ ಅಟ್ಟುತ್ತವೆ. ಕಪ್ಪು ಐಸ್ ಮಾತ್ರ ಇಲ್ಲಿ ಕೂತಿರುವ ದೇಹವನ್ನೇ ಕೊಲ್ಲುತ್ತದೆ.

ಈ ಕಲ್ಪನೆಯ ಮೂಲ ವಿಲಿಯಂ ಗಿಬ್ಸನ್. 'ಸೈಬರ್‌ಸ್ಪೇಸ್' ಎಂಬ ಪದ ಅವನ 1982ರ ಒಂದು ಕಥೆಯಲ್ಲಿ ಬಂತು, 1984ರ 'ನ್ಯೂರೊಮ್ಯಾನ್ಸರ್' ಕಾದಂಬರಿಯಿಂದ ಜಗತ್ತಿಗೆ ಹಬ್ಬಿತು. ಆ ಕಾದಂಬರಿಯನ್ನು ಅವನು ಬರೆದದ್ದು ಹಳೇ ಟೈಪ್‌ರೈಟರ್‌ನಲ್ಲಿ, ಆಗ ಅವನಿಗೆ ಕಂಪ್ಯೂಟರ್ ಗೊತ್ತಿದ್ದದ್ದು ಅಷ್ಟಕ್ಕಷ್ಟೇ. ಅವನಿಗೆ ಈ ಲೋಕ ಹೊಳೆದದ್ದು ವ್ಯಾಂಕೂವರ್‌ನ ವಿಡಿಯೊ ಗೇಮ್ ಅಂಗಡಿಗಳಲ್ಲಿ ಆಡುತ್ತಿದ್ದ ಹುಡುಗರ ಭಂಗಿ ನೋಡಿ. ಯಂತ್ರದ ಕಡೆಗೆ ಪೂರ್ತಿ ಬಾಗಿ ನಿಂತಿದ್ದ ಆ ಹುಡುಗರು ಗಾಜಿನ ಹಿಂದೆ ಒಂದು ಜಾಗ ಇದೆ ಎಂದೇ ನಂಬಿದಂತಿತ್ತು ಎಂದು ಅವನು ಅನೇಕ ಸಲ ಹೇಳಿಕೊಂಡಿದ್ದಾನೆ. ಅಂದರೆ ಈ ಜಾಲಲೋಕ ಹುಟ್ಟಿದ್ದೇ ಹೊರಗೆ ನಿಂತ ದೇಹವೊಂದನ್ನು ನೋಡಿದ್ದರಿಂದ. ಮುಂದೆ ಆದದ್ದು ವಿಚಿತ್ರ. ಕಾದಂಬರಿಯ ನಾಯಕ ಕೇಸ್‌ಗೆ ದೇಹ ಎಂದರೆ ಬರೀ ಮಾಂಸ, ಅದರ ಬಗ್ಗೆ ತಾತ್ಸಾರ. ಆ ತಾತ್ಸಾರವನ್ನು ಎಷ್ಟೋ ಸಿನಿಮಾಗಳು, ಆಟಗಳು ಹಾಗೇ ಎತ್ತಿಕೊಂಡವು.

ನನ್ನ ವಾದ ಇಷ್ಟೇ. ಒಂದು ಆಟದ ಜಾಲಲೋಕ ಒಳ್ಳೆಯದೋ ಅಲ್ಲವೋ ಅಂತ ಅಳೆಯಲಿಕ್ಕೆ ಅದರ ನೀಲಿ ಗೆರೆ, ಹೊಳೆಯುವ ಗೋಪುರಗಳನ್ನು ನೋಡಿ ಪ್ರಯೋಜನವಿಲ್ಲ. ಒಳಗೆ ಹೋದವನ ಹೊರಗಿನ ದೇಹಕ್ಕೆ ಯಾರು ಕಾವಲಿದ್ದಾರೆ, ಏಟು ಬಿದ್ದರೆ ಯಾರ ಮೈಮೇಲೆ ಬೀಳುತ್ತದೆ ಎಂದು ಕೇಳಬೇಕು.

ಮೊದಲು 1993ರ ಆವೃತ್ತಿ, ಆಸ್ಟ್ರೇಲಿಯದ ಬೀಮ್ ಸಾಫ್ಟ್‌ವೇರ್ ಮಾಡಿದ್ದು. ಇದರ ನಾಯಕ ಜೇಕ್ ಆರ್ಮಿಟೇಜ್ ಕಣ್ಣು ಬಿಡುವುದು ಹೆಣದ ಕೋಣೆಯಲ್ಲಿ. ಅವನ ತಲೆಯೊಳಗೆ ಯಾರದೋ ಗುಟ್ಟಿನ ಮಾಹಿತಿ ಇದೆ, ಸಿಡಿಯುವ ಬಾಂಬೂ ಇದೆ. ದೇಹ ಇಲ್ಲಿ ಗೋದಾಮು. ಆದರೆ ಮ್ಯಾಟ್ರಿಕ್ಸ್ ಭಾಗಕ್ಕೆ ಬಂದರೆ ನಿರಾಸೆ. ಚೌಕಗಳ ಹಾಸು, ಅದರಡಿ ಅಡಗಿದ ಐಸ್, ನೀವು ಒಂದೊಂದೇ ಚೌಕ ತುಳಿಯುತ್ತಾ ಹೋಗಬೇಕು. ಹಳೇ ಕಂಪ್ಯೂಟರ್‌ಗಳಲ್ಲಿ ಬರುತ್ತಿದ್ದ ಮೈನ್‌ಸ್ವೀಪರ್ ನೆನಪಾಗುತ್ತದೆ. ಕಥೆಯಲ್ಲಿರುವ ಭಯ ಚೌಕಗಳಿಗೆ ಇಳಿದಿಲ್ಲ.

1994ರಲ್ಲಿ ಸೇಗಾ ಯಂತ್ರಕ್ಕೆ ಬ್ಲೂಸ್ಕೈ ಸಾಫ್ಟ್‌ವೇರ್ ಮಾಡಿದ ಆಟ ಬೇರೆಯದೇ, ಇದರ ಹತ್ತಿರ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಇಲ್ಲಿ ಪ್ರತಿ ಕಂಪನಿಯ ವ್ಯವಸ್ಥೆ ಒಂದಕ್ಕೊಂದು ಜೋಡಿಸಿದ ಗಂಟುಗಳ ನಕ್ಷೆ. ಗಂಟಿನಿಂದ ಗಂಟಿಗೆ ಹೋಗಬೇಕು, ಒಂದೊಂದರಲ್ಲೂ ಐಸ್. ಕಡತ ಕದ್ದು ಮಾರಬಹುದು. ಐಸ್ ದಾಟಲಿಕ್ಕೆ ಎರಡು ದಾರಿ. ಹೊಡೆದು ದಾಟಬಹುದು. ಇಲ್ಲವೇ 'ಡಿಸೆಪ್ಷನ್' ಎಂಬ ತಂತ್ರಾಂಶ ಬಳಸಿ, ನಾನು ಒಳಗಿನವನೇ ಎಂದು ನಂಬಿಸಿ ದಾಟಬಹುದು. ಆಡಿದವರಿಗೆ ಗೊತ್ತಿರುತ್ತದೆ, ಎರಡನೆಯದು ಸುಲಭ. ಹೊಡೆದಾಟದ ಆಟವೊಂದು ತನಗೇ ಗೊತ್ತಿಲ್ಲದಂತೆ ಒಂದು ಸತ್ಯ ಹೇಳಿಬಿಟ್ಟಿದೆ: ಜಾಲದಲ್ಲಿ ಬಾಗಿಲು ಒಡೆಯುವುದಕ್ಕಿಂತ ಸುಳ್ಳು ಹೇಳುವುದು ಅಗ್ಗ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಇಲ್ಲೇ ಕನ್ನಡದ ಪದಗಳ ಬಗ್ಗೆ ಒಂದು ಮಾತು. ಮ್ಯಾಟ್ರಿಕ್ಸ್ ಎಂದರೆ ಲ್ಯಾಟಿನ್‌ನಲ್ಲಿ ಗರ್ಭ, ತಾಯಿ ಎಂಬ ಪದಕ್ಕೆ ಸಂಬಂಧಿಸಿದ್ದು. ನಮ್ಮ ಗಣಿತದ ಪುಸ್ತಕಗಳಲ್ಲಿ ಅದಕ್ಕೆ 'ಮಾತೃಕೆ' ಅಂತ ಇದೆ. ಗ್ರಂಥಸಂಪಾದನೆ ಓದಿದವರಿಗೆ ಮಾತೃಕೆ ಎಂದರೆ ಪ್ರತಿ ಮಾಡಲಿಕ್ಕೆ ಆಧಾರವಾದ ಓಲೆ. ಎರಡೂ ಚಂದ, ಆದರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದ ಪದ 'ಜಾಲ'. ಇಂಗ್ಲಿಷ್‌ನ ಸೈಬರ್‌ಸ್ಪೇಸ್‌ನಲ್ಲಿ ಇರುವುದು ಬರೀ ಜಾಗ. ಕನ್ನಡದ ಜಾಲದಲ್ಲಿ ಬಲೆಯೂ ಇದೆ, ಮೋಸವೂ ಇದೆ, ಇಂದ್ರಜಾಲವೂ ಇದೆ. ಅಂತರ್ಜಾಲ ಎಂಬ ಪದ ಮಾಡಿದವರು ಇಷ್ಟೆಲ್ಲ ಯೋಚಿಸಿದ್ದರೋ ಇಲ್ಲವೋ, ಪದ ಮಾತ್ರ ಯೋಚಿಸಿಕೊಂಡೇ ಬಂದಿದೆ.

ಈಗ 'ಡ್ರ್ಯಾಗನ್‌ಫಾಲ್'. ಹೇರ್‌ಬ್ರೇನ್ಡ್ ಸ್ಕೀಮ್ಸ್ ಎಂಬ ತಂಡ 2012ರಲ್ಲಿ ಜನರಿಂದಲೇ ಹಣ ಕೂಡಿಸಿ 2013ರಲ್ಲಿ 'ಶ್ಯಾಡೋರನ್ ರಿಟರ್ನ್ಸ್' ತಂದಿತು, 2014ರಲ್ಲಿ ಇದನ್ನು. ಕಥೆ ಬರ್ಲಿನ್‌ನಲ್ಲಿ. ತಂಡದ ನಾಯಕಿ ಮೋನಿಕಾ ತಾನೇ ಡೆಕ್ಕರ್. ಆಟ ಶುರುವಾಗುವುದು ಒಂದು ಬಂಗಲೆಯ ಕಳವಿನಿಂದ. ಸಣ್ಣ ಕೆಲಸ, ಬೇಗ ಮುಗಿಯುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ಮೋನಿಕಾ ವಾಯರ್ ಹಚ್ಚಿಕೊಳ್ಳುತ್ತಾಳೆ. ಒಳಗೆ ಏನೋ ಇದೆ. ನಮ್ಮ ಕಣ್ಣೆದುರಿಗೇ ಅವಳು ಸಾಯುತ್ತಾಳೆ. ಗಮನಿಸಿ, ನಾವು ಆಗ ಅವಳ ಜೊತೆ ಜಾಲದೊಳಗಿಲ್ಲ, ಹೊರಗೆ ಅವಳ ದೇಹದ ಪಕ್ಕ ನಿಂತಿದ್ದೇವೆ. ಅವಳು ಏನು ಕಂಡಳೋ ನಮಗೆ ಕಾಣುವುದಿಲ್ಲ. ಒಂದು ಪದ ಉಸಿರುತ್ತಾಳೆ, ಅದರ ಅರ್ಥ ಹುಡುಕುವುದೇ ಮುಂದಿನ ಕಥೆ. ನಾವು ಬದುಕಿ ಹೊರಬಂದು ಅವಳ ಓಣಿಗೆ ವಾಪಸ್ ಹೋಗುತ್ತೇವೆ. ಕ್ರಾಯ್ಜ್‌ಬಜಾರ್ ಅಂತ ಅದರ ಹೆಸರು. ಆಮೇಲೆ ಅಲ್ಲಿನ ಒಬ್ಬೊಬ್ಬರ ಮುಂದೆಯೂ ನಿಂತು ಮಾತಾಡಬೇಕು, ಯಾಕಂದ್ರೆ ಮೋನಿಕಾ ಅವರಿಗೆಲ್ಲ ಬೇಕಾದವಳು. ಜಾಲದ ಸಾಹಸಕ್ಕೆ ಬಂದ ಆಟಗಾರನನ್ನು ಸಾವಿನ ಮನೆಯ ಬಾಗಿಲಲ್ಲಿ ನಿಲ್ಲಿಸಿದ್ದು ಈ ಸರಣಿಯ ಅತಿ ಒಳ್ಳೆಯ ಬರವಣಿಗೆ ಎಂದು ನನ್ನ ಅಭಿಪ್ರಾಯ.

ಆಟದ ನಿಯಮವೂ ಇದನ್ನೇ ಹೇಳುತ್ತದೆ. ಡೆಕ್ಕರ್ ಎಲ್ಲೋ ದೂರ ಮನೆಯಲ್ಲಿ ಕೂತು ಒಳಹೋಗುವಂತಿಲ್ಲ. ಕಾವಲುಗಾರರನ್ನು ದಾಟಿ ಆ ಕಟ್ಟಡದ ಆ ಕೋಣೆಯ ಆ ಸಂಪರ್ಕದ ತನಕ ಕಾಲಿಂದ ನಡೆದು ಹೋಗಬೇಕು. ಅವನು ಒಳಗಿರುವಾಗ ಹೊರಗೆ ಗುಂಡು ಹಾರುತ್ತಿರುತ್ತದೆ, ಎರಡೂ ಕಡೆ ಸರದಿ ಪ್ರಕಾರ ಆಟ ನಡೆಯುತ್ತದೆ. ಒಳಗೆ ಒಂದು ಕಡತಕ್ಕೆ ಆಸೆಪಟ್ಟು ತಡಮಾಡಿದರೆ ಹೊರಗೆ ಜೊತೆಗಾರ ಸತ್ತಿರುತ್ತಾನೆ.

ಕನ್ನಡದ ಓದುಗನಿಗೆ ಇದು ಹೊಸ ಕಥೆಯೇನಲ್ಲ. ಶಂಕರಾಚಾರ್ಯರ ಪರಕಾಯ ಪ್ರವೇಶದ ಐತಿಹ್ಯ ನೆನಪಿಸಿಕೊಳ್ಳಿ. ಸತ್ತ ಅಮರುಕ ರಾಜನ ದೇಹ ಹೊಗುವ ಮೊದಲು ಅವರು ತಮ್ಮ ದೇಹವನ್ನು ಗುಹೆಯಲ್ಲಿಟ್ಟು ಶಿಷ್ಯರನ್ನು ಕಾವಲಿಗೆ ನಿಲ್ಲಿಸುತ್ತಾರೆ. ಮಂತ್ರಿಗಳಿಗೆ ಅನುಮಾನ ಬಂದು, ರಾಜ್ಯದಲ್ಲಿ ಎಲ್ಲೇ ಹೆಣ ಸಿಕ್ಕರೂ ಸುಟ್ಟುಬಿಡಿ ಎಂದು ಆಜ್ಞೆ ಮಾಡುತ್ತಾರೆ. ನೋಡಿ, ಕಪ್ಪು ಐಸ್! ಕಡೆಗೆ ಶಿಷ್ಯರು ಹಾಡುಗಾರರ ವೇಷದಲ್ಲಿ ಅರಮನೆಗೆ ಹೋಗಿ ಹಾಡಿ ಗುರುವಿಗೆ ಎಚ್ಚರ ಕೊಡುತ್ತಾರೆ. ಕಥೆ ಹೇಳುವವರು ಶಂಕರರ ಜಾಣತನವನ್ನೇ ದೊಡ್ಡದು ಮಾಡುತ್ತಾರೆ. ನನಗೆ ಗುಹೆಯ ಬಾಯಲ್ಲಿ ಕೂತ ಶಿಷ್ಯರ ಬಗ್ಗೆ ಕುತೂಹಲ. ದಿನ ಕಳೆದಂತೆ ಅವರು ಏನು ಮಾತಾಡಿಕೊಂಡಿರಬಹುದು?

ಇದೇ ಹೊರಗಿನ ದೇಹ ಪವನ್ ಕುಮಾರ್ ಅವರ 'ಲೂಸಿಯಾ'ದಲ್ಲೂ ಇದೆ. 2013ರ ಸಿನಿಮಾ, ಇದೂ ಜನರಿಂದ ಹಣ ಕೂಡಿಸಿ ಮಾಡಿದ್ದು. ಥಿಯೇಟರಿನಲ್ಲಿ ಟಾರ್ಚ್ ಹಿಡಿಯುವ ನಿಕ್ಕಿ ಮಾತ್ರೆ ನುಂಗಿ ಕನಸಿನಲ್ಲಿ ಸಿನಿಮಾ ತಾರೆಯಾಗುತ್ತಾನೆ. ಕಥೆಯುದ್ದಕ್ಕೂ ಆಸ್ಪತ್ರೆಯಲ್ಲಿ ಒಂದು ದೇಹ ವೆಂಟಿಲೇಟರ್ ಮೇಲೆ ಮಲಗಿದೆ. ಯಾವುದು ಕನಸು ಎಂಬ ತಿರುವು ಎಲ್ಲರಿಗೂ ಮೆಚ್ಚುಗೆಯಾಯಿತು. ನನಗೆ ಆ ಹಾಸಿಗೆಯೇ ಉಳಿದುಕೊಂಡಿತು. ಮಿರಜದಲ್ಲಿ ಬೆಳೆದವರಿಗೆ ಯಾಕೆ ಅಂತ ಹೇಳಬೇಕಿಲ್ಲ. ಇದು ದವಾಖಾನೆಗಳ ಊರು. 1894ರಲ್ಲಿ ವಾನ್ಲೆಸ್ ಅವರು ಆಸ್ಪತ್ರೆ ಶುರು ಮಾಡಿದಾಗಿನಿಂದ ಅಥಣಿ, ಚಿಕ್ಕೋಡಿ, ರಾಯಬಾಗ, ಜತ್ತ ಕಡೆಯಿಂದ ಕನ್ನಡದ ಮಂದಿ ಇಲ್ಲಿಗೇ ಬರುತ್ತಾರೆ. ಒಳಗೆ ಒಬ್ಬರು ಮಲಗಿರುತ್ತಾರೆ, ಹೊರಗೆ ಐದು ಜನ ಬುತ್ತಿ ಕಟ್ಟಿಕೊಂಡು, ಚಾಪೆ ಹಾಸಿಕೊಂಡು ಕಾಯುತ್ತಿರುತ್ತಾರೆ. 'ಏನಂತ್ರೀ ಡಾಕ್ಟರ್?' ಎಂದು ಗುರುತಿಲ್ಲದವರನ್ನೂ ಕೇಳುತ್ತಾರೆ. ಬೇರೆ ಲೋಕಕ್ಕೆ ಹೋದವನ ಕಥೆ ಬರೆಯುವಾಗ ಈ ಚಾಪೆಯನ್ನು ಬಿಟ್ಟರೆ ಅರ್ಧ ಕಥೆ ಬಿಟ್ಟಂತೆ.

ನಮ್ಮ ಪಕ್ಕದ ಸಾಂಗ್ಲಿಯ ರಂಗಭೂಮಿಗೆ ಇದು ಗೊತ್ತಿತ್ತು. ಕರ್ಕಿಯಿಂದ ಬಂದ ಯಕ್ಷಗಾನ ಮೇಳ ನೋಡಿದ ಸಾಂಗ್ಲಿಯ ದೊರೆ ಚಿಂತಾಮಣರಾವ ಪಟವರ್ಧನರು ವಿಷ್ಣುದಾಸ ಭಾವೆ ಅವರಿಗೆ ಅಂಥದ್ದನ್ನು ಮಾಡು ಎಂದರು. 1843ರಲ್ಲಿ 'ಸೀತಾ ಸ್ವಯಂವರ' ಬಂತು. ಮರಾಠಿ ರಂಗಭೂಮಿಯ ಲೆಕ್ಕ ಅಲ್ಲಿಂದಲೇ ಶುರು. ಅದರಲ್ಲಿ ಮಿಥಿಲೆ ಕಟ್ಟಲಿಕ್ಕೆ ಗೋಡೆ ಗೋಪುರ ಬೇಕಾಗಲಿಲ್ಲ, ಸೂತ್ರಧಾರ ಹಾಡಿದ, ಮಿಥಿಲೆ ಆಯಿತು. ಯಕ್ಷಗಾನದ ಭಾಗವತರ ಕೆಲಸವೂ ಅದೇ. ವೇಷಧಾರಿ ಬೇರೆ ಲೋಕದಲ್ಲಿರುವಾಗ ಅವನನ್ನು ಈ ಕಡೆಯಿಂದ ಹಿಡಿದುಕೊಂಡವನು ರಂಗದ ಮೇಲೇ, ಎಲ್ಲರಿಗೂ ಕಾಣುವಂತೆ ಇದ್ದ. ಭಾವೆ ಸೂತ್ರದ ಗೊಂಬೆಗಳನ್ನೂ ಮಾಡಿದವರು. ಡೆಕ್ಕರ್ ತನ್ನ ಜಾಲರೂಪವನ್ನು ಆಡಿಸುತ್ತಾನೆ, ಆ ಡೆಕ್ಕರ್‌ನನ್ನು ಮಿರಜದಲ್ಲಿ ಕೂತ ನಾನು ಆಡಿಸುತ್ತೇನೆ, ಅಡುಗೆಮನೆಯಿಂದ ಅವ್ವ ಕೂಗಿದರೆ ಇಬ್ಬರೂ ಸತ್ತಂತೆ. ಗೊಂಬೆಯೊಳಗೆ ಗೊಂಬೆ.

ಉಳಿದ ಆಟಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 2014ರ 'ವಾಚ್ ಡಾಗ್ಸ್'ನಲ್ಲಿ ಯಾರೂ ಒಳಗೆ ಹೋಗುವುದೇ ಇಲ್ಲ, ಫೋನಿನ ಒಂದು ಗುಂಡಿ ಒತ್ತಿದರೆ ಊರೆಲ್ಲ ಕೈಯಲ್ಲಿ. ಅದು ಮಂತ್ರದಂಡ, ಜಾಲವಲ್ಲ. 2020ರ 'ಸೈಬರ್‌ಪಂಕ್ 2077'ರಲ್ಲಿ ಹ್ಯಾಕರ್‌ಗಳು ದೇಹ ಕಾಯದಿರಲೆಂದು ಮಂಜುಗಡ್ಡೆಯ ನೀರಿನಲ್ಲಿ ಮಲಗುತ್ತಾರೆ, ಅಷ್ಟರ ಮಟ್ಟಿಗೆ ದೇಹದ ನೆನಪಿದೆ. ಆದರೆ ಮೊದಲ ದೊಡ್ಡ ಕಳವಿನಲ್ಲಿ ಸಾಯುವ ಹ್ಯಾಕರ್ ಟಿ-ಬಗ್‌ಳ ಸಾವು ನಮಗೆ ಬರುವುದು ಬರೀ ಧ್ವನಿಯಾಗಿ. ಮೋನಿಕಾಳಿಗೆ ಸಿಕ್ಕ ಓಣಿ ಅವಳಿಗೆ ಸಿಗಲಿಲ್ಲ.

ಇನ್ನು ಆಟ ಬಿಟ್ಟು ಹೊರಗೆ ಬರೋಣ, ಯಾಕಂದ್ರೆ ನನ್ನ ಅಳತೆಗೋಲು ಶ್ಯಾಡೋರನ್‌ಗೂ ತಾಗುವುದು ಇಲ್ಲೇ. 2018ರ ಆಗಸ್ಟ್ 11ರಂದು ಪುಣೆಯ ಕಾಸ್ಮಾಸ್ ಸಹಕಾರಿ ಬ್ಯಾಂಕಿನ ಹಣ 28 ದೇಶಗಳ ಎಟಿಎಂಗಳಿಂದ ಹೊರಬರತೊಡಗಿತು. 13ರಂದು ಇನ್ನೊಂದು ಕಂತು ಹಾಂಗ್‌ಕಾಂಗ್‌ನ ಖಾತೆಗೆ ಹೋಯಿತು. ಒಟ್ಟು ಸುಮಾರು 94 ಕೋಟಿ ರೂಪಾಯಿ. ನಡೆದದ್ದು ಹೀಗೆ: ಎಟಿಎಂಗೆ ಕಾರ್ಡ್ ಹಾಕಿದಾಗ ಈ ಖಾತೆಗೆ ಹಣ ಕೊಡಲೇ ಎಂಬ ಪ್ರಶ್ನೆ ಬ್ಯಾಂಕಿಗೆ ಹೋಗಬೇಕು. ಕಳ್ಳರು ನಡುವೆ ತಮ್ಮದೇ ಒಂದು ನಕಲಿ ಸ್ವಿಚ್ ಕೂರಿಸಿದ್ದರು. ಪ್ರಶ್ನೆ ಬ್ಯಾಂಕಿಗೆ ಮುಟ್ಟಲೇ ಇಲ್ಲ, ನಕಲಿ ಸ್ವಿಚ್ 'ಹೌದು, ಕೊಡು' ಎನ್ನುತ್ತಾ ಹೋಯಿತು. ಗೋಪುರವಿಲ್ಲ, ಐಸ್ ಇಲ್ಲ, ನೀಲಿ ಗೆರೆ ಇಲ್ಲ. ಇದ್ದದ್ದು ಬೇರೆಯವರ ಪರವಾಗಿ ಹೇಳಿದ ಒಂದು ಸುಳ್ಳು ಉತ್ತರ. ಸೇಗಾ ಆಟದ 'ಡಿಸೆಪ್ಷನ್' ಇದೇ. ಕನ್ನಡದ ಜಾಲವೂ ಇದೇ. ನಮ್ಮ ಮನೆಗಳಲ್ಲಿ ಹಿರಿಯರಿಗೆ ಫೋನ್ ಮಾಡಿ ಓಟಿಪಿ ಕೇಳುವವರು ಮಾಡುವುದೂ ಮಾತಿನ ಕೆಲಸವೇ. ಕನ್ನಡ ಬಿಟ್ಟು ಬೇರೆ ಬಾರದ ಅಜ್ಜಿಗೆ ಹಿಂದಿಯಲ್ಲಿ ಗದರಿಸಿದರೆ, ಅರ್ಥವಾಗದ್ದೇ ಹೆದರಿಕೆಯಾಗಿ ಅಂಕಿ ಹೇಳಿಬಿಡುತ್ತಾಳೆ. ಜಾಲವನ್ನು ಜಾಗವೆಂದು ಬರೆಯುವ ಕಥೆಗಳಲ್ಲಿ ಈ ಅಜ್ಜಿಗೆ ಪಾತ್ರವಿಲ್ಲ.

ಮತ್ತು ಆ 28 ದೇಶಗಳ ಯಂತ್ರಗಳ ಮುಂದೆ ಯಾರೋ ನಿಂತಿದ್ದರಲ್ಲ? ನಕಲಿ ಕಾರ್ಡ್ ಹಿಡಿದು, ನೋಟು ಎಣಿಸಿಕೊಂಡವರು? ಭಾರತದಲ್ಲೂ ನಿಂತಿದ್ದರು, ಇಲ್ಲಿಂದ ಒಂದು ತಾಸಿನ ದಾರಿಯ ಕೊಲ್ಹಾಪುರದ ಎಟಿಎಂಗಳ ಮುಂದೆಯೂ. ಒಳಗಿನ ಕೆಲಸದ ಹಿಂದೆ ಉತ್ತರ ಕೊರಿಯಾ ಇದೆ ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ 2019ರಲ್ಲಿ ಹೇಳಿತು. 2023ರಲ್ಲಿ ಪುಣೆಯ ನ್ಯಾಯಾಲಯ 11 ಜನರಿಗೆ ಶಿಕ್ಷೆ ಕೊಟ್ಟಿತು. ಶಿಕ್ಷೆ ಮುಟ್ಟಿದ್ದು ಇಲ್ಲಿ, ಕಾರ್ಡ್ ಹಿಡಿದ ಕೈಗಳ ಕಡೆಯವರಿಗೆ. ಅವರು ಅಮಾಯಕರು ಅಂತ ನಾನು ಹೇಳುತ್ತಿಲ್ಲ. ಜಾಲದ ಕಳವಿಗೂ ಕಾಲು ಬೇಕು, ಸಿಸಿಟಿವಿಗೆ ಕಾಣುವ ಮುಖ ಬೇಕು, ಆ ಮುಖ ಬಾಡಿಗೆಗೆ ಸಿಗುತ್ತದೆ. ಶ್ಯಾಡೋರನ್ ಸೋಲುವುದು ಇಲ್ಲೇ. ಅದರಲ್ಲಿ ಹೊರಗೆ ನಿಂತವರಿಗೆ ಬಂದೂಕು ಇದೆ, ಹೆಸರಿದೆ, ಏನು ಮಾಡುತ್ತಿದ್ದೇವೆಂಬ ಅರಿವಿದೆ. ಮೋನಿಕಾ ಅವರ ಗೆಳತಿ. ಯಾರ ಕೆಲಸ ಎಂದು ಗೊತ್ತಿಲ್ಲದೆ, ಒಳಗಿನವನ ಮುಖವನ್ನೂ ನೋಡದೆ ಎಟಿಎಂ ಸಾಲಿನಲ್ಲಿ ನಿಂತವನನ್ನು ಆ ಆಟ ಊಹಿಸಿಲ್ಲ. ನಾನು ಆಡಿದ ಯಾವ ಆಟವೂ ಊಹಿಸಿಲ್ಲ.

ಚರ್ಚೆ

ಒಬ್ಬ ಪ್ರಾಧ್ಯಾಪಕರು: ಪರಕಾಯ ಪ್ರವೇಶದ ಹೋಲಿಕೆ ಚೆನ್ನಾಗಿದೆ. ಆದರೆ ಹೊಸದು ಏನೇ ಬಂದರೂ ನಮ್ಮಲ್ಲಿ ಮೊದಲೇ ಇತ್ತು ಎನ್ನುವ ಚಟಕ್ಕೆ ಇದು ದಾರಿಯಾಗುವುದಿಲ್ಲವೇ?

ಉತ್ತರ: ಸರ್, ಆ ಅಪಾಯ ಇದೆ. ನಾನು ಹೋಲಿಸಿದ್ದು ತಂತ್ರಜ್ಞಾನವನ್ನಲ್ಲ, ಕಥೆ ಕಟ್ಟುವ ಕ್ರಮವನ್ನು. ವ್ಯತ್ಯಾಸವೂ ದೊಡ್ಡದಿದೆ. ಅಲ್ಲಿ ದೇಹದಿಂದ ಇನ್ನೊಂದು ದೇಹಕ್ಕೆ ಹೋಗುವುದು. ಅಮರುಕನಿಗೆ ಹಸಿವಿದೆ, ಹೆಂಡತಿಯರಿದ್ದಾರೆ. ಇಲ್ಲಿ ದೇಹದಿಂದ ಲೆಕ್ಕಕ್ಕೆ ಹೋಗುವುದು. ಅದಕ್ಕೇ ಮ್ಯಾಟ್ರಿಕ್ಸ್‌ನಲ್ಲಿ ವಾಸನೆ ಇಲ್ಲ, ಊಟ ಇಲ್ಲ. ಹಳೇ ಕಥೆ ಇಟ್ಟುಕೊಂಡು ನೋಡಿದ್ದರಿಂದ ನನಗೆ ಈ ಕೊರತೆ ಕಂಡಿತು.

ಸಹಪಾಠಿ, ಜತ್ತದಿಂದ: ಅಕ್ಕಾ, ಕಾರ್ಡ್ ಹಿಡ್ಕೊಂಡು ನಿಂತವನಿಗೆ ಇಂಗ್ಲಿಷ್‌ನಾಗ 'ಮ್ಯೂಲ್' ಅಂತಾರ. ಕನ್ನಡದಾಗ ಕಥಿ ಬರದ್ರ ಏನಂತ ಕರೀತೀರಿ? ಹೇಸರಗತ್ತಿ ಅನ್ನೂದಾ?

ಉತ್ತರ: ಹೇಸರಗತ್ತೆ ಅಂದ್ರೆ ಬೈದಂಗ ಆಗ್ತದೆ, ಕತ್ತೆಗೆ ಹೊರೆ ಯಾರದು ಅಂತ ಕೇಳೋ ಹಕ್ಕೇ ಇಲ್ಲ ಅಂದಂಗ. ನಮ್ಮ ಕಡೆ ಹುಡುಗರು 'ಖಾತೆ ಬಾಡಿಗಿಗೆ ಕೊಟ್ಟೀನಿ' ಅಂತಾರಲ್ಲ, ಮನೆ ಕೊಟ್ಟಂಗ, ಟ್ರ್ಯಾಕ್ಟರ್ ಕೊಟ್ಟಂಗ. ನಾನಾದ್ರೆ ಅಲ್ಲಿಂದ ಶುರು ಮಾಡ್ತೀನಿ. ಅವನು ಪಾಸ್‌ಬುಕ್ ಯಾರ ಕೈಗೆ ಕೊಟ್ಟ, ತಿಂಗಳಿಗೆ ಎಷ್ಟು ಅಂತ ಮಾತಾಯ್ತು, ಮನೆಯಲ್ಲಿ ಯಾರಿಗೆ ಹೇಳಿದ್ದ. ಡೆಕ್ಕರ್ ಆಮೇಲೆ ಬರಲಿ.